ವರ್ತಿಕೆ, ವಿದ್ಧಚಿತ್ರ, ಸೀಸದ ಕಡ್ಡಿ

ಕಂಡದ್ದನ್ನು ಕಂಡಂತೆ ಬರೆಯುವ ವಿದ್ಯೆ ಪಶ್ಚಿಮದೇಶದವರಿಂದ ನಮಗೆ ಬಂದುದೆಂದೂ, ನಮ್ಮ ಪೂರ್ವಿಕರು ದೇವತೆಗಳ ಧ್ಯಾನಮೂರ್ತಿಗಳನ್ನು ಬಿಟ್ಟರೆ ಎದುರಿಗಿರುವ ಮನುಷ್ಯನ ಮುಖವನ್ನಾಗಲಿ ಅಡವಿಯ ಮೃಗವನ್ನಾಗಲಿ ಯಥಾವತ್ತಾಗಿ ಬರೆಯಲು ಮನಸ್ಸು ಮಾಡಿದವರೇ ಅಲ್ಲವೆಂದೂ ವಿದ್ಯಾವಂತರ ಬಾಯಲ್ಲಿಯೇ ಆಗಾಗ ಕೇಳಿಬರುತ್ತದೆ. ಇದಕ್ಕೆ ಪ್ರತಿಯಾಗಿ, ಪೆನ್ಸಿಲು ಮೊದಲುಗೊಂಡು ಸಮಸ್ತವೂ ನಮ್ಮ ಶಾಸ್ತ್ರಗಳಲ್ಲಿಯೇ ಇದ್ದಿತೆಂದು ಎದೆ ತಟ್ಟಿಕೊಳ್ಳುವವರೂ ಉಂಟು. ಮೊದಲನೆಯ ಪಕ್ಷದವರು ಗ್ರಂಥಗಳನ್ನು ತೆರೆದು ನೋಡಿದವರಲ್ಲ. ಎರಡನೆಯವರು ತೆರೆದರೂ ತಮಗೆ ಬೇಕಾದ ಪುಟದಲ್ಲಿ ಮುಚ್ಚಿದವರು. ಪ್ರಕೃತ ಲೇಖನದಲ್ಲಿ ಕರಿಯ ಕಡ್ಡಿಯೊಂದನ್ನು ಹಿಡಿದು ಮನುಷ್ಯರನ್ನೂ ಮೃಗಪಕ್ಷಿಗಳನ್ನೂ ಬರೆದವರ ಚರಿತ್ರೆಯನ್ನು, ನನಗೆ ಪರಿಚಿತವಾದ ಸಂಸ್ಕೃತ ಗ್ರಂಥಗಳಿಂದ ಮೊದಲುಮಾಡಿ, ಸ್ವಲ್ಪ ದೂರ ಹಿಂಬಾಲಿಸಬೇಕೆಂದಿದ್ದೇನೆ. ವಿಷಯವು ಮಕ್ಕಳ ಆಟದಂತೆ ಕಂಡರೂ, ಒಂದು ಜನಾಂಗವು ಯಾವುದನ್ನು ಕಣ್ಣಿಟ್ಟು ನೋಡಿತು, ನೋಡಿದುದರಲ್ಲಿ ಎಷ್ಟನ್ನು ಉಳಿಸಿಕೊಂಡಿತು ಎಂಬುದು ಇದರಲ್ಲಿ ಅಡಗಿದೆ.

ಭಾಗವತದ ದಶಮಸ್ಕಂಧದಲ್ಲಿ ಬರುವ ಉಷೆಯ ಕಥೆ ನಮ್ಮ ಮನೆಗಳಲ್ಲಿ ಎಲ್ಲರಿಗೂ ತಿಳಿದದ್ದು. ಕನಸಿನಲ್ಲಿ ಕಂಡ ಪುರುಷನಾರೆಂದು ತಿಳಿಯದೆ ಬಾಣಾಸುರನ ಮಗಳು ಕೊರಗುತ್ತಿರಲು, ಸಖಿಯಾದ ಚಿತ್ರಲೇಖೆಯು ದೇವಗಂಧರ್ವರನ್ನೂ ಮನುಷ್ಯರಲ್ಲಿ ವೃಷ್ಣಿಕುಲದವರನ್ನೂ ಒಬ್ಬೊಬ್ಬರನ್ನಾಗಿ ಬರೆದು ತೋರಿಸುತ್ತಾಳೆ. ಅನಿರುದ್ಧನ ಚಿತ್ರ ಬಂದಾಗ ಉಷೆಯು ನಾಚಿ ತಲೆ ಬಾಗಿಸುತ್ತಾಳೆ. ಕಥೆಯಲ್ಲಿ ಅದ್ಭುತಾಂಶವಿದ್ದರೆ ಇರಲಿ. ಆದರೆ ಕಥೆ ಹೇಳಿದವನೂ ಕೇಳಿದವರೂ ಒಂದು ಮಾತನ್ನು ಸಂದೇಹವಿಲ್ಲದೆ ಒಪ್ಪಿಕೊಂಡಿದ್ದರಲ್ಲವೆ? ಚಿತ್ರವನ್ನು ನೋಡಿ ಇಂಥವನೇ ಇವನೆಂದು ಗುರುತಿಸಬಹುದು, ತಂದೆಯ ಮುಖಕ್ಕೂ ಮಗನ ಮುಖಕ್ಕೂ ಇರುವ ಭೇದವು ರೇಖೆಯಲ್ಲಿ ತೋರಬಹುದು ಎಂಬುದೇ ಆ ಮಾತು. ಸಾದೃಶ್ಯದ ಕಲ್ಪನೆಯೇ ಇಲ್ಲದ ದೇಶದಲ್ಲಿ ಈ ಕಥೆ ಹುಟ್ಟುತ್ತಿರಲಿಲ್ಲ.

ಇನ್ನು ಕಾಳಿದಾಸನ ಶಾಕುಂತಲದ ಆರನೆಯ ಅಂಕವನ್ನು ನೋಡೋಣ. ಶಕುಂತಲೆಯನ್ನು ತೊರೆದ ದುಷ್ಯಂತನು ಅವಳ ಚಿತ್ರವನ್ನು ತಾನೇ ಬರೆದು ವಿನೋದಗೊಳ್ಳಲು ಯತ್ನಿಸುತ್ತಾನೆ. ಚಿತ್ರವು ಇನ್ನೂ ಅರ್ಧವಾಗಿದೆ. ಚತುರಿಕೆಯನ್ನು ಕರೆದು ವರ್ತಿಕೆಯನ್ನು ತರಹೇಳುತ್ತಾನೆ. ಇನ್ನೇನು ಬರೆಯಬೇಕಾಗಿದೆಯೆಂದು ವಿದೂಷಕನು ಕೇಳಿದರೆ, ಮಾಲಿನೀನದಿಯ ಮರಳ ದಂಡೆಯಲ್ಲಿ ಹಂಸಗಳ ಜೋಡಿ, ಹಿಮವಂತನ ತಪ್ಪಲಲ್ಲಿ ಮಲಗಿದ ಜಿಂಕೆಗಳು, ನಾರುಮಡಿ ಒಣಹಾಕಿದ ಮರದ ಕೆಳಗೆ ಗಂಡುಮೃಗದ ಕೊಂಬಿಗೆ ಎಡಗಣ್ಣನ್ನು ಉಜ್ಜಿಕೊಳ್ಳುತ್ತಿರುವ ಹೆಣ್ಣುಜಿಂಕೆ, ಇಷ್ಟು ಬೇಕೆನ್ನುತ್ತಾನೆ. ಜಿಂಕೆಯು ತನ್ನ ಶರೀರದಲ್ಲಿಯೇ ಅತಿ ಮೃದುವಾದ ಸ್ಥಳವನ್ನು ಅತಿ ತೀಕ್ಷ್ಣವಾದ ಕೊಂಬಿಗೆ ಒಪ್ಪಿಸಿ ನಿಂತಿರುವ ಈ ಭಂಗಿಯನ್ನು ಅರಣ್ಯದಲ್ಲಿ ಕಂಡವನಲ್ಲದೆ ಅನ್ಯನು ಹೇಳಲಾರನು. ಅದಕ್ಕಿಂತಲೂ ನನಗೆ ವಿಸ್ಮಯವೆನಿಸುವುದು ಬೇರೊಂದು ಸಂಗತಿ. ಚಿತ್ರದ ರೇಖೆಗಳ ಅಂಚಿನಲ್ಲಿ ಬೆವರಿದ ಬೆರಳಿನ ಕಲೆಯಿದೆಯೆಂದೂ, ಕೆನ್ನೆಯ ಮೇಲೆ ಬಿದ್ದ ಕಣ್ಣೀರ ಹನಿಯಿಂದ ಬಣ್ಣವು ಉಬ್ಬಿದೆಯೆಂದೂ ಅಲ್ಲಿ ಬರುತ್ತದೆ. ಇಂದು ಪೆನ್ಸಿಲು ಹಿಡಿಯುವ ಮಕ್ಕಳಿಗೆ ಡ್ರಾಯಿಂಗು ಮೇಷ್ಟರು ಮೊದಲು ಹೇಳುವ ಮಾತು, ಅಂಗೈಯ ಕೆಳಗೆ ಒಂದು ಹಾಳೆ ಇಟ್ಟುಕೊಳ್ಳಿರಿ, ಇಲ್ಲವಾದರೆ ಬೆವರು ತಗಲಿ ಗೆರೆ ಮಸಿಯಾಗುತ್ತದೆ ಎಂದಲ್ಲವೆ? ಕಾಳಿದಾಸನು ಚಿತ್ರಕಾರನ ಮಗ್ಗುಲಲ್ಲಿ ಕುಳಿತು ನೋಡಿದ್ದನೆಂಬುದಕ್ಕೆ ಈ ಕಲೆಗಿಂತ ಬೇರೆ ಸಾಕ್ಷಿ ಬೇಡ.

ಆ ವರ್ತಿಕೆ ಎಂದರೇನು? ಕೋಶಗಳನ್ನು ನೋಡಿದರೆ ಕುಂಚವೆಂದೂ ಬರೆಯುವ ಕಡ್ಡಿಯೆಂದೂ ಎರಡರ್ಥಗಳು ಸಿಕ್ಕುತ್ತವೆ. ಈ ಸಂದೇಹವನ್ನು ಪರಿಹರಿಸುವ ಗ್ರಂಥವು ನಮ್ಮ ಕನ್ನಡನಾಡಿನಲ್ಲಿಯೇ ಹುಟ್ಟಿತೆಂಬುದು ನಮಗೆ ಹೆಮ್ಮೆಯ ವಿಷಯ. ಕಲ್ಯಾಣದ ಚಾಲುಕ್ಯರಲ್ಲಿ ಆರನೆಯ ವಿಕ್ರಮಾದಿತ್ಯನ ಮಗನಾದ ಮೂರನೆಯ ಸೋಮೇಶ್ವರನು, ಭೂಲೋಕಮಲ್ಲನೆಂದೂ ಸರ್ವಜ್ಞಭೂಪನೆಂದೂ ಹೆಸರು ಪಡೆದವನು, ಸುಮಾರು ೧೧೨೬ರಿಂದ ೧೧೩೮ರವರೆಗೆ ಆಳಿದನು. ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣವೇ ಅವನ ರಾಜಧಾನಿ. ತಂದೆಯಂತೆ ದಿಗ್ವಿಜಯಗಳಿಂದ ಹೆಸರಾದವನಲ್ಲ. ಅವನ ಕೀರ್ತಿಯೆಲ್ಲ ಅಭಿಲಷಿತಾರ್ಥಚಿಂತಾಮಣಿ ಎಂಬ ನಾಮಾಂತರವುಳ್ಳ ಮಾನಸೋಲ್ಲಾಸದಲ್ಲಿ ನಿಂತಿದೆ. ಸುಮಾರು ೧೧೨೯ರಲ್ಲಿ ರಚಿತವಾದ ಈ ಗ್ರಂಥದಲ್ಲಿ ಐದು ವಿಂಶತಿಗಳು, ಒಂದೊಂದರಲ್ಲಿ ಇಪ್ಪತ್ತರಂತೆ ನೂರು ಅಧ್ಯಾಯಗಳು. ರಾಜ್ಯಭಾರ, ಔಷಧ, ಅಡಿಗೆ, ಸಂಗೀತ, ಆನೆಕುದುರೆಗಳ ಲಕ್ಷಣ, ಮೀನು ಹಿಡಿಯುವ ವಿನೋದ, ಬೇಟೆಗೆ ಯೋಗ್ಯವಾದ ಮೃಗಗಳ ಜಾತಿಗಳು, ಗಿಡುಗಗಳನ್ನು ಪಳಗಿಸುವ ಕ್ರಮ ಎಲ್ಲವೂ ಅದರಲ್ಲಿವೆ. ೧೯೨೬ರಲ್ಲಿ ಮೈಸೂರಿನಲ್ಲಿ ಡಾಕ್ಟರ್ ಆರ್. ಶಾಮಶಾಸ್ತ್ರಿಗಳು ಇದರ ಪ್ರಥಮ ಭಾಗವನ್ನು ಪ್ರಕಟಿಸಿದರು. ಬರೋಡೆಯ ಗಾಯಕವಾಡ ಪ್ರಾಚ್ಯಗ್ರಂಥಮಾಲೆಯಲ್ಲಿ ೧೯೨೫, ೧೯೩೯, ೧೯೬೧ರಲ್ಲಿ ಮೂರು ಸಂಪುಟಗಳಾಗಿ ಇಡೀ ಗ್ರಂಥವು ಬೆಳಕು ಕಂಡಿತು.

ಚಿತ್ರದ ವಿಷಯವು ಮೂರನೆಯ ವಿಂಶತಿಯಲ್ಲಿ, ಅರಮನೆಯ ಗೋಡೆಗಳ ಅಲಂಕಾರವನ್ನು ಹೇಳುವ ಸಂದರ್ಭದಲ್ಲಿ ಬರುತ್ತದೆ. ಎಮ್ಮೆಯ ಚರ್ಮವನ್ನು ಕುದಿಸಿ ಮಾಡಿದ ವಜ್ರಲೇಪದಿಂದ ಗೋಡೆಯನ್ನು ಸಿದ್ಧಪಡಿಸುವ ಕ್ರಮವನ್ನು ಹೇಳಿ, ವರ್ತಿಕೆಯನ್ನು ಮಾಡುವ ಬಗೆಯನ್ನು ದೊರೆಯು ವಿವರಿಸುತ್ತಾನೆ. ಕಾಡಿಗೆಯನ್ನು ಅನ್ನದ ಅಗುಳಿನೊಡನೆ ಚೆನ್ನಾಗಿ ಅರೆದು ಬತ್ತಿಯಂತೆ ಹೊಸೆದು ಒಣಗಿಸಿದರೆ ಅದೇ ವರ್ತಿಕೆ. ಇದರಿಂದ ಮೊದಲು ಆಕಾರವನ್ನು ಗುರುತುಮಾಡಿ, ಬಳಿಕ ಕುಂಚದಿಂದ ಬಣ್ಣ ತುಂಬಬೇಕು. ಹರಳೆಣ್ಣೆಯ ದೀಪದ ಮೇಲೆ ತಟ್ಟೆ ಬೋರಲು ಹಾಕಿ ಮನೆಯಲ್ಲಿ ಕಾಡಿಗೆ ಹಿಡಿದಿರುವ ಗೃಹಿಣಿಯರಿಗೆ ಇದು ಹೊಸದಾಗಿ ತೋರಲಾರದು. ನಾನು ಉಪಾಧ್ಯಾಯನಾಗಿದ್ದಾಗ ಹುಡುಗರಿಂದ ಇದನ್ನು ಒಮ್ಮೆ ಮಾಡಿಸಿ ನೋಡಿದ್ದೆನು. ಅನ್ನ ಹೆಚ್ಚಾದರೆ ಕಡ್ಡಿ ಗಡುಸಾಗಿ ಗೆರೆ ಮಾಸಲಾಗುತ್ತದೆ. ಕಡಿಮೆಯಾದರೆ ಗೆರೆಯೇನೋ ಕಗ್ಗಪ್ಪು, ಕಡ್ಡಿ ಮಾತ್ರ ಬೆರಳಲ್ಲಿ ಪುಡಿಯಾಗುತ್ತದೆ. ಈ ಅನ್ನದ ಪ್ರಮಾಣದ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಫ್ರಾನ್ಸು ದೇಶದ ವೃತ್ತಾಂತವನ್ನು ಹೇಳುವಾಗ ಇದು ಮತ್ತೆ ಬರುತ್ತದೆ.

ಅನಂತರ ದೊರೆಯು ಚಿತ್ರಗಳನ್ನು ವಿಭಾಗಿಸುತ್ತಾನೆ. ಕನ್ನಡಿಯಲ್ಲಿ ಕಾಣುವ ಪ್ರತಿಬಿಂಬದಂತೆ ಸಾದೃಶ್ಯವನ್ನು ಬರೆದರೆ ಅದು ವಿದ್ಧಚಿತ್ರ. ಇಂಥ ವ್ಯಕ್ತಿಯೆಂಬ ನಿಯಮವಿಲ್ಲದೆ ಆಕಾರಮಾತ್ರ ತೋರುವಂತೆ ಬರೆದದ್ದು ಅವಿದ್ಧ. ನೋಡಿದೊಡನೆಯೇ ಶೃಂಗಾರಾದಿ ರಸವು ಗೋಚರವಾಗುವಂಥದು ಭಾವಚಿತ್ರ. ಒಣಪುಡಿಗಳಿಂದ ಬರೆದುದು ಧೂಲಿಚಿತ್ರ. ನಮ್ಮ ಮನೆಯಂಗಳದ ರಂಗವಲ್ಲಿಯು ಅದರ ತಂಗಿಯೆನ್ನಬಹುದು. ಪ್ರಸಂಗದಿಂದ ಒಂದು ಮಾತು. ಈಗಿನ ಕನ್ನಡದಲ್ಲಿ ವ್ಯಕ್ತಿಯ ಮುಖವನ್ನು ಬರೆದ ಚಿತ್ರಕ್ಕೆ, ಕ್ಯಾಮೆರಾದಿಂದ ತೆಗೆದ ಪಟಕ್ಕೂ ಕೂಡ, ಭಾವಚಿತ್ರವೆನ್ನುತ್ತೇವೆ. ಸೋಮೇಶ್ವರನ ಪರಿಭಾಷೆಯಂತೆ ಅದು ವಿದ್ಧಚಿತ್ರವಾಗಬೇಕು. ರೇಷನ್ ಕಾರ್ಡಿಗೆ ಅಂಟಿಸಿದ ಪಟದಲ್ಲಿ ಯಾವ ಭಾವ, ಯಾವ ರಸ? ಆದರೆ ರೂಢಿಯೊಡನೆ ಜಗಳವಾಡಿ ಗೆದ್ದ ಪಂಡಿತನಿಲ್ಲವಾದಕಾರಣ ಇದನ್ನು ಇಲ್ಲಿಗೇ ಬಿಡುತ್ತೇನೆ.

ಸಾದೃಶ್ಯವನ್ನು ಸಾಧಿಸುವ ಉಪಾಯಗಳನ್ನು ಮಾನಸೋಲ್ಲಾಸಕ್ಕಿಂತ ಹಳೆಯದಾದ ವಿಷ್ಣುಧರ್ಮೋತ್ತರಪುರಾಣದ ಚಿತ್ರಸೂತ್ರವು ಇನ್ನೂ ವಿಶದವಾಗಿ ಹೇಳುತ್ತದೆ. ಮೂರನೆಯ ಖಂಡದಲ್ಲಿರುವ ಈ ಅಧ್ಯಾಯಗಳನ್ನು ಸ್ಟೆಲ್ಲಾ ಕ್ರಾಮ್ರಿಶ್ ಎಂಬ ವಿದುಷಿಯು ೧೯೨೦ರ ದಶಕದಲ್ಲಿ ಇಂಗ್ಲಿಷಿಗೆ ತಂದ ಮೇಲೆ ವಿದ್ವಾಂಸರ ಗಮನ ಇತ್ತ ಹರಿಯಿತು. ಪುರುಷರಲ್ಲಿ ಹಂಸ, ಭದ್ರ, ಮಾಲವ್ಯ, ರುಚಕ, ಶಶಕ ಎಂದು ಐದು ಬಗೆ. ಅವರ ಎತ್ತರವು ಅವರವರ ಅಂಗುಲದಿಂದಲೇ ಕ್ರಮವಾಗಿ ೧೦೮, ೧೦೬, ೧೦೪, ೧೦೦, ೯೦. ಮುಖದ ಉದ್ದವು ಹನ್ನೆರಡು ಅಂಗುಲ. ಅದರಲ್ಲಿ ಹಣೆ, ಮೂಗು, ಮೂಗಿನಿಂದ ಗದ್ದದವರೆಗೆ, ಹೀಗೆ ಮೂರು ಸಮಭಾಗಗಳು. ರೋಮದ ವಿಟ್ರೂವಿಯಸನು ತನ್ನ ವಾಸ್ತುಗ್ರಂಥದಲ್ಲಿ ಇದೇ ಮೂರು ಸಮಭಾಗಗಳನ್ನು ಹೇಳಿದ್ದಾನೆ. ಯಾರು ಯಾರಿಂದ ಕಲಿತರೆಂದು ಇಲ್ಲಿ ವಾದಕ್ಕೆ ಹೊರಡಬೇಕಾಗಿಲ್ಲ. ಮನುಷ್ಯನ ಮುಖವು ಎರಡು ದೇಶಗಳಲ್ಲಿಯೂ ಒಂದೇ ಆಗಿರುವಾಗ, ಅಳೆದು ನೋಡಿದವರಿಗೆ ಉತ್ತರವೂ ಒಂದೇ ಬಂದಿತು.

ಋಜ್ವಾಗತವೆಂಬ ನೇರ ನಿಲುವು ಮೊದಲಾಗಿ ಒಂಬತ್ತು ಸ್ಥಾನಗಳನ್ನು ಹೇಳಿ, ದೇಹವು ಪಕ್ಕಕ್ಕೆ ತಿರುಗಿದಂತೆಲ್ಲ ಒಂದು ಪಾರ್ಶ್ವವು ಕಿರಿದಾಗಿ ಮತ್ತೊಂದು ಹಿರಿದಾಗಿ ತೋರುವ ಕ್ಷಯವೃದ್ಧಿಯನ್ನು ಚಿತ್ರಸೂತ್ರಕಾರನು ವಿವರಿಸುತ್ತಾನೆ. ಉಬ್ಬುತಗ್ಗುಗಳನ್ನು ತೋರಿಸುವ ವರ್ತನೆ ಮೂರು ವಿಧ. ಎಲೆಯ ನರಗಳಂತೆ ಅಡ್ಡಗೆರೆ ಎಳೆಯುವುದು ಪತ್ರಜ. ಅತಿ ಸೂಕ್ಷ್ಮವಾದ ಗೆರೆಗಳಿಂದ ಮಾಡುವುದು ಐರಿಕ, ಇದಕ್ಕೆ ಪಾಠಾಂತರಗಳುಂಟು. ಚುಕ್ಕೆಗಳಿಂದ ಮಾಡುವುದು ಬಿಂದುಜ. ಇಂದಿನ ಚಿತ್ರಶಾಲೆಯಲ್ಲಿ ಪೆನ್ಸಿಲಿನಿಂದ ನೆಳಲು ಹಾಕುವುದನ್ನು ಕಲಿಯುವ ವಿದ್ಯಾರ್ಥಿಯು ಮಾಡುವುದು ಈ ಮೂರನ್ನೇ. ಕೆನ್ನೆಯ ಗುಂಡನೆಯನ್ನು ತೋರಿಸಲು ಗೆರೆಯ ಮೇಲೆ ಅಡ್ಡಗೆರೆ ಎಳೆಯುತ್ತಾನೆ. ತುಪ್ಪುಳಕ್ಕೆ ಕೂದಲೆಳೆಯಂಥ ಗೆರೆ. ಮೂಗಿನ ತುದಿಯ ಒರಟು ಚರ್ಮಕ್ಕೆ ಚುಕ್ಕೆ. ಮಲಗಿ ನಿದ್ರಿಸುವವನಲ್ಲಿ ಚೇತನವು ಇದೆಯೆಂದೂ ಸತ್ತವನಲ್ಲಿ ಇಲ್ಲವೆಂದೂ ಯಾರ ರೇಖೆಯಿಂದ ತಿಳಿಯುವುದೋ ಅವನೇ ಚಿತ್ರಜ್ಞನೆಂದು ಆ ಗ್ರಂಥದ ಅಭಿಪ್ರಾಯ. ಈ ಕಠಿಣವಾದ ಪರೀಕ್ಷೆಯನ್ನು ಮುಂದೆ ಯಾರು ಎದುರಿಸಿದರೆಂಬುದನ್ನು ಸ್ವಲ್ಪದರಲ್ಲಿಯೇ ನೋಡಲಿದ್ದೇವೆ.

ಹಾಗಾದರೆ ಆ ವಿದ್ಧಚಿತ್ರಗಳೆಲ್ಲಿ? ಇಲ್ಲಿ ಅಭಿಮಾನಿಗಳ ಬಾಯಿ ಕಟ್ಟುತ್ತದೆ. ಅಜಂತೆಯ ಗೋಡೆಗಳಲ್ಲಿ ಆನೆಗಳು ನಿಜವಾದ ಆನೆಗಳಂತೆಯೇ ಹೆಜ್ಜೆಯಿಡುತ್ತವೆ. ನಮ್ಮ ಬಾದಾಮಿಯ ಮೂರನೆಯ ಗುಹೆಯಲ್ಲಿ, ೫೭೮ರಲ್ಲಿ ಮಂಗಲೇಶನು ಕೊರೆಯಿಸಿದುದರಲ್ಲಿ, ಬಣ್ಣದ ಕೆಲವು ತುಂಡುಗಳು ಉಳಿದಿವೆ. ತಿರುಮಲೆಯಲ್ಲಿ ಕೃಷ್ಣದೇವರಾಯನೂ ಇಬ್ಬರು ರಾಣಿಯರೂ ಲೋಹದಲ್ಲಿ ಕೈಮುಗಿದು ನಿಂತಿದ್ದಾರೆ. ಆದರೆ ಸೋಮೇಶ್ವರನು ಕನ್ನಡಿಯ ಬಿಂಬಕ್ಕೆ ಹೋಲಿಸಿದ ಚಿತ್ರಗಳಲ್ಲಿ ಕಲ್ಯಾಣದ ಗೋಡೆಗಳ ಮೇಲಿನದು ಒಂದೂ ನಮ್ಮ ಕೈಗೆ ಬಂದಿಲ್ಲ. ಗೋಡೆ ಬಿದ್ದರೆ ಚಿತ್ರವೂ ಬಿತ್ತು. ವರ್ತಿಕೆಯ ಕರಡಂತೂ ಬಣ್ಣದ ಕೆಳಗೆ ಮೊದಲೇ ಮರೆಯಾಗಿತ್ತು. ಅದನ್ನು ಕರಡಾಗಿಯೇ ಉಳಿಸಿಕೊಳ್ಳಲು ಬೇಕಾಗಿದ್ದುದು ಕಾಗದ. ಅದು ನಮ್ಮಲ್ಲಿ ಹರಡಿದ್ದು ಹದಿಮೂರು, ಹದಿನಾಲ್ಕನೆಯ ಶತಮಾನಗಳಿಂದೀಚೆಗೆ. ತಾಳೆಗರಿಯ ಮೇಲೆ ಕಂಠದಿಂದ ಕೊರೆಯಬಹುದೇ ಹೊರತು ಕಾಡಿಗೆಯ ಕಡ್ಡಿಯಿಂದ ನೆಳಲು ಹಾಕಲಾಗದು. ಶಾಸ್ತ್ರವಿದ್ದೂ ಲಕ್ಷ್ಯವು ಉಳಿಯದೆ ಹೋದುದಕ್ಕೆ ನಮ್ಮವರ ಬುದ್ಧಿಮಾಂದ್ಯವಾಗಲಿ ವೈರಾಗ್ಯವಾಗಲಿ ಕಾರಣವಲ್ಲ, ಈ ಸಾಮಾನ್ಯವಾದ ಪದಾರ್ಥದ ಅಭಾವವೇ ಮುಖ್ಯವೆಂದು ನನಗೆ ತೋರುತ್ತದೆ.

ಕಾಗದವಿದ್ದ ಮಾತ್ರಕ್ಕೆ ಸಾದೃಶ್ಯ ಬರುವುದೆಂದೂ ತಿಳಿಯಬಾರದು. ಜರ್ಮನಿಯ ನ್ಯೂರೆಂಬರ್ಗಿನ ಆಲ್ಬ್ರೆಕ್ಟ್ ಡ್ಯೂರರನು ೧೪೮೪ರಲ್ಲಿ, ಹದಿಮೂರು ವರ್ಷದ ಬಾಲಕನಾಗಿದ್ದಾಗಲೇ, ಕನ್ನಡಿಯಲ್ಲಿ ನೋಡಿಕೊಂಡು ಬೆಳ್ಳಿಯ ಮೊನೆಯಿಂದ ತನ್ನ ಮುಖವನ್ನು ತಾನೇ ಬರೆದನು. ಸೋಮೇಶ್ವರನ ಲಕ್ಷಣಕ್ಕೆ ಅಕ್ಷರಶಃ ಉದಾಹರಣೆಯಿದು. ೧೫೦೨ರಲ್ಲಿ ಅವನು ಬರೆದ ಮೊಲದ ಕಣ್ಣಿನಲ್ಲಿ ಕೋಣೆಯ ಕಿಟಕಿಯ ಪ್ರತಿಬಿಂಬವು ಕೂಡ ಕಾಣುತ್ತದೆ. ಇಂಥವನೇ ೧೫೧೫ರಲ್ಲಿ ನಮ್ಮ ದೇಶದ ಖಡ್ಗಮೃಗವನ್ನು ಬರೆಯಹೋಗಿ ಎಡವಿದನು. ಗುಜರಾತಿನ ಸುಲ್ತಾನ ಮುಜಾಫರನು ಪೋರ್ತುಗೀಜರ ಅಲ್ಬುಕರ್ಕನಿಗೆ ಕಾಣಿಕೆಯಾಗಿ ಕೊಟ್ಟ ಆ ಪ್ರಾಣಿಯು ಗೋವೆಯಿಂದ ಹಡಗೇರಿ ೧೫೧೫ರ ಮೇ ತಿಂಗಳಲ್ಲಿ ಲಿಸ್ಬನ್ ಸೇರಿತು. ಪೋರ್ತುಗೀಜರು ಅದನ್ನು ಗಂಡವೆಂದು ಕರೆದರು. ಅಮರಕೋಶ ಓದಿದವರಿಗೆ ಗಂಡಕವು ನೆನಪಾಗುವುದು. ಡ್ಯೂರರನು ಅದನ್ನು ಕಣ್ಣಾರೆ ನೋಡಲಿಲ್ಲ. ಬೇರೊಬ್ಬರು ಕಳುಹಿಸಿದ ಪತ್ರವನ್ನೂ ಕರಡನ್ನೂ ನಂಬಿ ಬರೆದನು. ಆದಕಾರಣ ಮೃಗದ ಮೈಮೇಲೆ ಕಬ್ಬಿಣದ ಕವಚದಂಥ ಹಲಗೆಗಳು ಬಂದುವು, ಬೆನ್ನಿನ ಮೇಲೆ ಇಲ್ಲದ ಒಂದು ಚಿಕ್ಕ ಕೊಂಬೂ ಮೊಳೆಯಿತು. ಪ್ರಾಣಿಯು ಮರುವರ್ಷದ ಪ್ರಾರಂಭದಲ್ಲಿ ಪೋಪನಿಗೆ ಕಾಣಿಕೆಯಾಗಿ ಹೋಗುವಾಗ ಹಡಗಿನೊಡನೆ ಮುಳುಗಿ ಸತ್ತಿತು. ಆ ಸುಳ್ಳು ಕೊಂಬು ಮಾತ್ರ ಯೂರೋಪಿನ ಪುಸ್ತಕಗಳಲ್ಲಿ ಇನ್ನೂರು ವರ್ಷಕ್ಕೂ ಮಿಕ್ಕು ಬದುಕಿತು. ೧೭೪೧ರಲ್ಲಿ ಕ್ಲಾರಾ ಎಂಬ ಮತ್ತೊಂದು ಭಾರತೀಯ ಖಡ್ಗಮೃಗವು ಹಾಲೆಂಡಿಗೆ ಬಂದು, ಊರೂರು ಸುತ್ತಿ, ೧೭೪೯ರಲ್ಲಿ ಪ್ಯಾರಿಸಿನಲ್ಲಿ ಊದ್ರೀ ಎಂಬ ಚಿತ್ರಕಾರನ ಮುಂದೆ ನಿಂತ ಮೇಲೆ ಭ್ರಾಂತಿಯು ಕಳೆಯುತ್ತ ಬಂದಿತು.

ಈ ತಪ್ಪಿಗೆ ಅವಕಾಶವೇ ಇಲ್ಲದಂತೆ ಕೆಲಸಮಾಡಿಸಿದ ದೊರೆಯೊಬ್ಬನು ನಮ್ಮ ದೇಶದಲ್ಲಿದ್ದನು. ಜಹಾಂಗೀರನ ರಾಜ್ಯಭಾರದಲ್ಲಿ ದೋಷಗಳನ್ನು ಎಣಿಸುವವರು ಎಣಿಸಲಿ. ಕಣ್ಣಿನ ವಿಷಯದಲ್ಲಿ ಅವನಿಗೆ ಸಮನಾದವರು ವಿರಳ. ೧೬೧೨ರಲ್ಲಿ ಮುಕರ್ರಬ್ ಖಾನನು ಗೋವೆಯಿಂದ ಕೆಲವು ಅಪೂರ್ವ ಪ್ರಾಣಿಗಳನ್ನು ತಂದೊಪ್ಪಿಸಿದನು. ಅವುಗಳಲ್ಲಿ ಅಮೆರಿಕಾಖಂಡದ ಟರ್ಕಿಕೋಳಿಯೂ ಒಂದು. ತನ್ನ ಮುತ್ತಾತನಾದ ಬಾಬರನು ಪ್ರಾಣಿಗಳನ್ನು ಮಾತಿನಿಂದ ವರ್ಣಿಸಿದನೇ ಹೊರತು ಚಿತ್ರ ಬರೆಯಿಸಲಿಲ್ಲ, ತಾನು ಎರಡನ್ನೂ ಮಾಡಿಸುತ್ತೇನೆ ಎಂದು ಜಹಾಂಗೀರನು ತನ್ನ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ೧೬೨೧ರಲ್ಲಿ ಆಫ್ರಿಕಾದ ಜೀಬ್ರಾ ಆಸ್ಥಾನಕ್ಕೆ ಬಂದಾಗ, ಯಾರೋ ಕುದುರೆಗೆ ಪಟ್ಟೆ ಬಳಿದು ಮೋಸಮಾಡಿದ್ದಾರೆಂದು ಕೆಲವರು ಶಂಕಿಸಿದರಂತೆ. ಪರೀಕ್ಷಿಸಿ ನೋಡಿ, ಸೃಷ್ಟಿಕರ್ತನೇ ಬಳಿದದ್ದೆಂದು ನಿರ್ಣಯವಾಯಿತು. ಇವುಗಳನ್ನು ಬರೆದವನು ಉಸ್ತಾದ್ ಮನ್ಸೂರ್. ನಾದಿರ್-ಉಲ್-ಅಸ್ರ್, ಎಂದರೆ ಯುಗಕ್ಕೆ ಅದ್ವಿತೀಯ ಎಂಬ ಬಿರುದು ದೊರೆಯೇ ಕೊಟ್ಟದ್ದು. ಮೊಗಲ್ ಚಿತ್ರಕಾರರು ನೆಳಲುಬೆಳಕನ್ನು ಪರ್ದಾಜ್ ಎಂಬ ಕ್ರಮದಿಂದ, ಅಳಿಲಿನ ಕೂದಲಿನ ಕುಂಚದ ತುದಿಯಿಂದ ಚುಕ್ಕೆಚುಕ್ಕೆಯಾಗಿ, ಗೆರೆಗೆರೆಯಾಗಿ ತುಂಬುತ್ತಿದ್ದರು. ಚಿತ್ರಸೂತ್ರದ ಬಿಂದುಜವನ್ನು ಅವರು ಓದಿದ್ದರೋ ಇಲ್ಲವೋ, ಕೈ ಮಾತ್ರ ಅದನ್ನೇ ಮಾಡುತ್ತಿತ್ತು.

ಮನ್ಸೂರನದೆಂದು ವಿದ್ವಾಂಸರು ಊಹಿಸುವ, ಸುಮಾರು ೧೬೨೫ರ ಒಂದು ಚಿತ್ರವು ಈಗ ರಷ್ಯದ ಸೇಂಟ್ ಪೀಟರ್ಸ್‌ಬರ್ಗಿನ ಹರ್ಮಿಟೇಜ್ ಸಂಗ್ರಹಾಲಯದಲ್ಲಿದೆ. ಐದು ಹಕ್ಕಿಗಳಿರುವ ಆ ಪಟದ ನಡುವೆ ಮಾರಿಷಸ್ ದ್ವೀಪದ ಡೋಡೋ ನಿಂತಿದೆ. ಹಾರಲಾರದ ಈ ದೊಡ್ಡ ಹಕ್ಕಿಯ ವಂಶವು ಹದಿನೇಳನೆಯ ಶತಮಾನ ಮುಗಿಯುವುದರೊಳಗೆ ಅಳಿದುಹೋಯಿತು. ಪೀಟರ್ ಮಂಡಿ ಎಂಬ ಪ್ರವಾಸಿಯು ಸೂರತ್ತಿನಲ್ಲಿ ಇಂಥ ಎರಡು ಹಕ್ಕಿಗಳನ್ನು ತಾನು ನೋಡಿದುದಾಗಿ ಬರೆದಿರುವುದರಿಂದ, ಚಿತ್ರಕಾರನು ಜೀವಂತ ಹಕ್ಕಿಯನ್ನೇ ನೋಡಿ ಬರೆದನೆಂಬುದು ಯುಕ್ತವಾಗಿದೆ. ಯೂರೋಪಿನಲ್ಲಿ ಬರೆದ ಡೋಡೋಗಳಲ್ಲಿ ಅನೇಕವು ಕೊಬ್ಬಿ ಉರುಟಾದ ವಿಕಾರರೂಪಗಳು. ಪ್ರಾಣಿಶಾಸ್ತ್ರಜ್ಞರು ನಿಜವಾದ ಬಣ್ಣಕ್ಕೂ ಮೈಕಟ್ಟಿಗೂ ಈ ಮೊಗಲ್ ಚಿತ್ರವನ್ನು ಆಶ್ರಯಿಸುತ್ತಾರೆ. ಭಾರತೀಯ ಚಿತ್ರಕಾರನು ಮೃಗಪಕ್ಷಿಗಳನ್ನು ಕಂಡಂತೆ ಬರೆಯಲಾರನೆಂಬ ವಾದಕ್ಕೆ ಇದೊಂದೇ ಉತ್ತರ ಸಾಕು.

ಚಿತ್ರಸೂತ್ರದ ಪರೀಕ್ಷೆಯೆಂದೆನಲ್ಲ, ಅದು ೧೬೧೮ರಲ್ಲಿ ನಡೆಯಿತು. ಜಹಾಂಗೀರನ ಬಕ್ಷಿಯಾದ ಇನಾಯತ್ ಖಾನನು ಅಫೀಮು ಮದ್ಯಗಳ ಚಟದಿಂದ ಕ್ಷೀಣಿಸಿ, ಊರಿಗೆ ಹೋಗಲು ಅಪ್ಪಣೆ ಬೇಡುವುದಕ್ಕಾಗಿ ಪಲ್ಲಕ್ಕಿಯಲ್ಲಿ ಬಂದನು. ಎಲುಬಿನ ಮೇಲೆ ಹೊದಿಸಿದ ಚರ್ಮವಲ್ಲದೆ ಮತ್ತೇನೂ ಉಳಿದಿರಲಿಲ್ಲ. ದೊರೆಯು ಬೆರಗಾಗಿ, ಇಂಥ ರೂಪವನ್ನು ತಾನೆಂದೂ ಕಂಡಿಲ್ಲವೆಂದು ಚಿತ್ರಕಾರರನ್ನು ಕರೆಸಿ ಅವನ ಸಾದೃಶ್ಯವನ್ನು ಬರೆಯಿಸಿದನು; ದಾರಿಯ ವೆಚ್ಚಕ್ಕೆ ಹಣವನ್ನೂ ಕೊಟ್ಟನು. ಮರುದಿನ ಖಾನನು ತೀರಿಕೊಂಡನು. ಅಂದಿನ ಕರಡು ಈಗ ಅಮೆರಿಕದ ಬಾಸ್ಟನ್ನಿನಲ್ಲಿದೆ, ಅದರಿಂದ ಮಾಡಿದ ವರ್ಣಚಿತ್ರವು ಆಕ್ಸ್‌ಫರ್ಡಿನಲ್ಲಿದೆ. ವರ್ಣಚಿತ್ರದಲ್ಲಿ ದಿಂಬುಗಳ ಬಣ್ಣವು ಕಣ್ಣನ್ನು ಸೆಳೆದುಕೊಳ್ಳುತ್ತದೆ. ಕರಡಿನಲ್ಲಿ ಅದೊಂದೂ ಇಲ್ಲ. ಒರಗುದಿಂಬು, ತೆರೆದ ಎದೆ, ಪಕ್ಕೆಲುಬಿನ ಸಾಲು, ಶೂನ್ಯವನ್ನು ನೋಡುವ ಕಣ್ಣು, ಇಷ್ಟೇ. ಅವನು ಸತ್ತಿಲ್ಲ, ಬದುಕುವವನೂ ಅಲ್ಲ. ಮರಣೋನ್ಮುಖನಾದವನನ್ನು ಹೀಗೆ ಕೂರಿಸಿ ಬರೆಯಿಸಿದ್ದು ಕ್ರೌರ್ಯವಲ್ಲವೆ ಎಂದು ಕೇಳುವವರಿಗೆ ನನ್ನಲ್ಲಿ ಸಮಾಧಾನವಿಲ್ಲ. ಬರೆದವನ ಕೈ ನಡುಗಲಿಲ್ಲವೆಂಬುದಷ್ಟೇ ಕಾಣುತ್ತದೆ.

ಇದೇ ಕಾಲದ ಹಾಲೆಂಡಿನಲ್ಲಿ ರೆಂಬ್ರಾಂಟನು ೧೬೩೭ರಲ್ಲಿ, ಸಿಂಹಳದಿಂದ ಬಂದ ಹಾನ್‌ಸ್ಕೆನ್ ಎಂಬ ಹೆಣ್ಣಾನೆಯನ್ನು ಕರಿಯ ಸೀಮೆಸುಣ್ಣದಿಂದ ಬರೆದನು. ಆನೆಯ ಚರ್ಮದ ಸುಕ್ಕುಗಳನ್ನು ಅವನು ಒಂದೊಂದಾಗಿ ಬಿಡಿಸಲಿಲ್ಲ. ಕಡ್ಡಿಯನ್ನು ಮಡಿಕೆಯ ದಿಕ್ಕಿನಲ್ಲಿ ಹರಿಯಗೊಟ್ಟನು. ಅವನೇ ವೃದ್ಧಾಪ್ಯದ ಕಡೆಗೆ ಮೊಗಲ್ ಚಿತ್ರಗಳನ್ನು ಎದುರಿಗಿಟ್ಟುಕೊಂಡು ಜಹಾಂಗೀರ, ಷಾಜಹಾನರ ರೂಪಗಳನ್ನು ಪ್ರತಿಮಾಡಿದನು. ಇಪ್ಪತ್ತಕ್ಕೂ ಹೆಚ್ಚು ಪ್ರತಿಗಳು ಇಂದಿಗೂ ಇವೆ. ಪೂರ್ವಪಶ್ಚಿಮಗಳೆಂದು ನಾವು ಗೋಡೆ ಕಟ್ಟಿ ವಾದಿಸುವವರು ಈ ಹಾಳೆಗಳನ್ನು ನೋಡಬೇಕು.

ಇನ್ನು ಸೀಸದ ಕಡ್ಡಿಯ ಕಥೆ. ಇಂಗ್ಲೆಂಡಿನ ಕಂಬರ್ಲೆಂಡ್ ಪ್ರಾಂತದ ಬಾರೋಡೇಲ್ ಕಣಿವೆಯಲ್ಲಿ ಹದಿನಾರನೆಯ ಶತಮಾನದಲ್ಲಿ ಶುದ್ಧವಾದ ಗ್ರಾಫೈಟಿನ ಗಣಿ ಸಿಕ್ಕಿತು. ಕುರಿಗಳಿಗೆ ಗುರುತು ಹಾಕಲು ಕುರುಬರು ಮೊದಲು ಅದನ್ನು ಬಳಸಿದರೆಂದು ಪ್ರತೀತಿ. ೧೫೬೫ರಲ್ಲಿ ಸ್ವಿಜರ್ಲೆಂಡಿನ ಗೆಸ್ನರನು ಮರದ ಹಿಡಿಯಲ್ಲಿ ಸಿಕ್ಕಿಸಿದ ಇಂಥ ಕಡ್ಡಿಯನ್ನು ಗ್ರಂಥದಲ್ಲಿ ವರ್ಣಿಸಿದನು. ಸೀಸದಂತೆ ಹೊಳೆಯುತ್ತಿದ್ದುದರಿಂದ ಜನರು ಅದನ್ನು ಒಂದು ಬಗೆಯ ಸೀಸವೆಂದೇ ನಂಬಿದರು. ೧೭೭೯ರಲ್ಲಿ ಷೀಲೆ ಎಂಬ ರಸಾಯನಜ್ಞನು ಅದರಲ್ಲಿ ಸೀಸದ ಅಂಶವೇ ಇಲ್ಲ, ಅದು ಇಂಗಾಲವೆಂದು ತೋರಿಸಿದನು. ೧೭೮೯ರಲ್ಲಿ ವೆರ್ನರನು ಗ್ರೀಕರ ಬರೆಯುವುದೆಂಬ ಧಾತುವಿನಿಂದ ಗ್ರಾಫೈಟ್ ಎಂಬ ಹೆಸರಿಟ್ಟನು. ನಾವು ಮಾತ್ರ ಇಂಗ್ಲಿಷರ ಹಳೆಯ ಭ್ರಾಂತಿಯನ್ನು ಭಾಷಾಂತರಿಸಿಕೊಂಡು ಸೀಸದ ಕಡ್ಡಿಯೆಂದೇ ಕರೆದೆವು. ಸೋಮೇಶ್ವರನ ಕಾಡಿಗೆಯೂ ಇಂಗಾಲವೇ, ಬಾರೋಡೇಲಿನ ಕಲ್ಲೂ ಇಂಗಾಲವೇ.

ಗ್ರಾಫೈಟು ತೋಪಿನ ಗುಂಡುಗಳ ಅಚ್ಚಿಗೂ ಬೇಕಾಗಿದ್ದುದರಿಂದ ಆ ಗಣಿಗೆ ಕಾವಲು ಬಿಗಿಯಾಯಿತು. ೧೭೫೨ರಲ್ಲಿ ಅಲ್ಲಿಂದ ಕದಿಯುವುದನ್ನು ಮಹಾಪರಾಧವೆಂದು ಪಾರ್ಲಿಮೆಂಟು ಶಾಸನ ಮಾಡಿತು. ಮುಂದೆ ಇಂಗ್ಲೆಂಡಿಗೂ ಫ್ರಾನ್ಸಿಗೂ ಯುದ್ಧ ಹತ್ತಿ ಫ್ರೆಂಚರಿಗೆ ಒಳ್ಳೆಯ ಕಡ್ಡಿ ದೊರೆಯದಾಯಿತು. ಆಗ ಕಾರ್ನೋ ಎಂಬ ಯುದ್ಧಮಂತ್ರಿಯ ಪ್ರೇರಣೆಯಿಂದ ನಿಕೊಲಾ ಜಾಕ್ ಕಾಂಟೆ ಎಂಬವನು ಕೆಲಸಕ್ಕೆ ಕೈಹಾಕಿದನು. ಇವನು ಚಿತ್ರಕಾರನೂ ಯಂತ್ರಕುಶಲಿಯೂ ಆಗಿದ್ದು, ಬೆಲೂನುಗಳ ಪ್ರಯೋಗದಲ್ಲಿ ಅನಿಲವು ಸಿಡಿದು ಒಂದು ಕಣ್ಣನ್ನು ಕಳೆದುಕೊಂಡವನು. ಕೆಳದರ್ಜೆಯ ಗ್ರಾಫೈಟನ್ನು ಪುಡಿಮಾಡಿ, ಜೇಡಿಮಣ್ಣಿನೊಡನೆ ಕಲಸಿ, ಕಡ್ಡಿಯಾಗಿ ಹೊಸೆದು, ಆವಿಗೆಯಲ್ಲಿ ಸುಟ್ಟನು. ಮಣ್ಣು ಹೆಚ್ಚಾದರೆ ಕಡ್ಡಿ ಗಡುಸು, ಗೆರೆ ತೆಳುಬೂದು. ಕಡಿಮೆಯಾದರೆ ಮೆತು, ಗೆರೆ ಕಪ್ಪು. ೧೭೯೫ರಲ್ಲಿ ಅವನಿಗೆ ಹಕ್ಕುಪತ್ರ ದೊರಕಿತು. ಅಂಗಡಿಯ ಪೆನ್ಸಿಲಿನ ಮೇಲಿರುವ ಎಚ್, ಬಿ ಅಕ್ಷರಗಳು ಈ ಪ್ರಮಾಣಭೇದವನ್ನೇ ಸೂಚಿಸುವುವು. ನಮ್ಮ ಶಾಸ್ತ್ರದಲ್ಲಿ ಅನ್ನವು ಮಾಡಿದ ಕೆಲಸವನ್ನು ಕಾಂಟೆಯ ಕೈಯಲ್ಲಿ ಮಣ್ಣು ಮಾಡಿತು. ಹಾಗೆಂದು ಪೆನ್ಸಿಲನ್ನು ಸೋಮೇಶ್ವರನು ಕಂಡುಹಿಡಿದನೆನ್ನಬಾರದು. ಅನ್ನದ ಕಡ್ಡಿ ಬೆರಳಿಗೆ ಅಂಟುತ್ತದೆ, ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ಬೆಂಕಿಯಲ್ಲಿ ಬೆಂದ ಮಣ್ಣಿಗೆ ಅದರ ಭಯವಿಲ್ಲ. ಹದವನ್ನು ಹಲವು ಮೆಟ್ಟಿಲಾಗಿ ವಿಂಗಡಿಸಿ, ಒಂದೇ ಮುಖಕ್ಕೆ ಗಡುಸಿನಿಂದ ಕರಡು, ಮೆತುವಿನಿಂದ ನೆಳಲು ಎಂಬ ಸೌಕರ್ಯವನ್ನು ಕೊಟ್ಟವನು ಕಾಂಟೆಯೇ.

ಈ ಸೌಕರ್ಯದ ಪೂರ್ಣಪ್ರಯೋಜನವನ್ನು ಪಡೆದವನು ಫ್ರಾನ್ಸಿನ ಆಂಗ್ರ್. ೧೮೦೬ರಲ್ಲಿ ರೋಮಿಗೆ ಹೋದವನು ನೆಪೋಲಿಯನ್ನನ ಪತನಾನಂತರ ಆಶ್ರಯ ತಪ್ಪಿ, ಹೊಟ್ಟೆಪಾಡಿಗಾಗಿ ಪ್ರವಾಸಿಗಳ ಮುಖಗಳನ್ನು ಪೆನ್ಸಿಲಿನಿಂದ ಬರೆಯತೊಡಗಿದನು. ಇಂಥ ಚಿತ್ರಗಳು ನಾಲ್ಕುನೂರಕ್ಕೂ ಮಿಕ್ಕಿವೆ. ೧೮೧೯ರಲ್ಲಿ ಬರೆದ ಪಿಟೀಲುವಾದಕ ಪಗನೀನಿಯದು ಪ್ರಸಿದ್ಧ. ಮುಖಗಳನ್ನು ಬರೆಯುವವನ ಮನೆ ಇದೆಯೇ ಎಂದು ಒಬ್ಬರು ಬಾಗಿಲಲ್ಲಿ ಕೇಳಲು, ಅಲ್ಲ, ಇಲ್ಲಿರುವವನು ವರ್ಣಚಿತ್ರಕಾರನೆಂದು ಸಿಡಿಮಿಡಿಗೊಂಡನೆಂದು ಹೇಳುತ್ತಾರೆ. ಅವನ ಕ್ರಮವು ಗಮನಾರ್ಹವಾದುದು. ಮುಖವನ್ನು ಅತಿ ಮೃದುವಾದ ನೆಳಲಿನಿಂದ ತಿದ್ದಿತೀಡಿ, ಅಂಗಿ ನಿಲುವಂಗಿಗಳನ್ನು ನಾಲ್ಕು ಚುರುಕಾದ ಗೆರೆಗಳಲ್ಲಿ ಮುಗಿಸಿಬಿಡುತ್ತಾನೆ. ನೋಡುವವನ ಕಣ್ಣು ತಾನಾಗಿ ಮುಖಕ್ಕೆ ಹೋಗಿ ನಿಲ್ಲುತ್ತದೆ. ಪೆನ್ಸಿಲಿನಲ್ಲಿ ಬಿಳುಪನ್ನು ಮೇಲೆ ಬಳಿಯುವಂತಿಲ್ಲ, ಕಾಗದವೇ ಬಿಳುಪು. ಆದಕಾರಣ ಕಣ್ಣುಗುಡ್ಡೆಯ ಮಿಂಚನ್ನೂ ಮೂಗಿನ ಮೇಲಣ ಹೊಳಪನ್ನೂ ಮೊದಲ ಗೆರೆಯಿಂದಲೇ ಮುಟ್ಟದೆ ಕಾಪಾಡಬೇಕು. ಮೃಗಗಳ ರೋಮಕ್ಕೂ ಇದೇ ನ್ಯಾಯ. ಕೂದಲನ್ನು ಒಂದೊಂದಾಗಿ ಬರೆದವನ ಹುಲಿ ಪೊರಕೆಯಂತಾಗುವುದು. ಕೂದಲ ಗೊಂಚಲುಗಳ ನಡುವಣ ನೆಳಲನ್ನು, ರೋಮವು ಹರಿಯುವ ದಿಕ್ಕಿನಲ್ಲಿ ಹಾಕಿದರೆ ಕೂದಲು ತಾನೇ ಎದ್ದು ತೋರುವುದು.

ಮತ್ತೆ ನಮ್ಮ ದೇಶಕ್ಕೆ ಬರೋಣ. ಕಲ್ಕತ್ತೆಯ ಮುಖ್ಯ ನ್ಯಾಯಾಧೀಶನಾಗಿದ್ದ ಎಲೈಜಾ ಇಂಪೆಯ ಪತ್ನಿ ಮೇರಿ ಇಂಪೆಯು ತನ್ನ ತೋಟದಲ್ಲಿ ಪಶುಪಕ್ಷಿಗಳನ್ನು ಸಾಕಿ, ಪಾಟ್ನಾದ ಮೂವರು ಚಿತ್ರಕಾರರನ್ನು ನಿಯಮಿಸಿ, ೧೭೭೭ರಿಂದ ಕೆಲವು ವರ್ಷ ಅವುಗಳನ್ನು ಬರೆಯಿಸಿದಳು. ಶೇಖ್ ಜೈನುದ್ದೀನ್, ಭವಾನೀದಾಸ್, ರಾಮದಾಸ್ ಎಂಬ ಈ ಮೂವರು ಮೊಗಲ್ ಪದ್ಧತಿಯಲ್ಲಿ ಪಳಗಿದ ಕೈಯವರು. ಇಂಗ್ಲೆಂಡಿನ ಕಾಗದದ ಮೇಲೆ ಮುನ್ನೂರಕ್ಕೂ ಮಿಕ್ಕ ಚಿತ್ರಗಳನ್ನು ಬರೆದು ಫಾರಸಿಯಲ್ಲಿ ರುಜು ಮಾಡಿದರು. ೧೮೧೦ರಲ್ಲಿ ಲಂಡನ್ನಿನಲ್ಲಿ ಆ ಸಂಗ್ರಹವು ಹರಾಜಾಗಿ ಚದುರಿತು. ಲೇಥಂ ಎಂಬ ಪಕ್ಷಿಶಾಸ್ತ್ರಜ್ಞನು ಹಲವು ಹಕ್ಕಿಗಳನ್ನು ಈ ಚಿತ್ರಗಳಿಂದಲೇ ವರ್ಣಿಸಿದನು. ಹಿಮಾಲಯದ ಮೋನಾಲ್ ಪಕ್ಷಿಯ ಶಾಸ್ತ್ರೀಯ ನಾಮದಲ್ಲಿ ಇಂದಿಗೂ ಇಂಪೆಯ ಹೆಸರಿದೆ. ಬರೆದವರ ಹೆಸರು ಯಾವ ಹಕ್ಕಿಗೂ ಬರಲಿಲ್ಲ. ಭವಾನೀದಾಸನು ಬರೆದವುಗಳಲ್ಲಿ ಒಂದು ಗುಲಾಬಿ ತಲೆಯ ಬಾತು. ಇಪ್ಪತ್ತನೆಯ ಶತಮಾನದ ಮಧ್ಯಭಾಗದಿಂದೀಚೆಗೆ ಆ ಬಾತನ್ನು ನಿಶ್ಚಯವಾಗಿ ಕಂಡವರಿಲ್ಲ. ನಮ್ಮ ಸಿವಂಗಿಯ ಗತಿಯೂ ಹಾಗೆಯೇ ಆಯಿತು; ೧೯೫೨ರಲ್ಲಿ ಅದು ದೇಶದಲ್ಲಿ ನಿರ್ಮೂಲವಾಯಿತೆಂದು ಸಾರಿದರು. ೨೦೨೨ರಲ್ಲಿ ತಂದು ಬಿಟ್ಟವು ಆಫ್ರಿಕಾದವು. ಬಂಡೆಗಳ ನಡುವೆ ಮರಿಗಳೊಡನೆ ಮಲಗಿದ ನಮ್ಮ ಸಿವಂಗಿಯನ್ನು ನೋಡಬೇಕಾದರೆ ಅಕ್ಬರನ ಕಾಲದ ಬಸಾವನನದೆಂದು ಹೇಳುವ ಚಿತ್ರಕ್ಕೆ ಹೋಗಬೇಕು.

ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಚಿತ್ರಕಲೆಯು ಮತ್ತೆ ಕುದುರಿಕೊಂಡಿತು. ದೊರೆಯ ವಂಶದವರ ಮುಖಗಳನ್ನು ಕಮಲದ ದಳಗಳಲ್ಲಿ ಬರೆದ ಸಂತಾನಾಂಬುಜವು ಆ ಕಾಲದ್ದೇ. ಮೈಸೂರು ಸಂಪ್ರದಾಯದ ಚಿತ್ರಕಾರರು ಹುಣಿಸೆಯ ಕಡ್ಡಿಗಳನ್ನು ಕಬ್ಬಿಣದ ಕೊಳವೆಯಲ್ಲಿಟ್ಟು ಸುಟ್ಟು ಇದ್ದಲಿನ ಕಡ್ಡಿ ಮಾಡಿಕೊಳ್ಳುತ್ತಿದ್ದರು. ಕಾಗದವನ್ನು ಹಲಗೆಗೆ ಅಂಟಿಸಿ, ಮೊದಲು ಆ ಕಡ್ಡಿಯಿಂದ ಸ್ಥೂಲವಾಗಿ ಬರೆದು, ಬಳಿಕ ಕುಂಚದಿಂದ ಗೆರೆಯನ್ನು ಖಚಿತಪಡಿಸಿ, ಆಕಾಶವನ್ನೂ ಮರಗಳನ್ನೂ ಮೊದಲು ತುಂಬಿ, ಮುಖವನ್ನು ಕಡೆಗೆ ಬಿಟ್ಟುಕೊಳ್ಳುತ್ತಿದ್ದರು. ಆಭರಣಗಳ ಮೇಲೆ ಚಿನ್ನದ ರೇಕನ್ನು ಅಂಟಿಸುವ ಹೊತ್ತಿಗೆ ಹುಣಿಸೆಯ ಇದ್ದಲಿನ ಗೆರೆಯು ಎಲ್ಲಿಯೂ ಕಾಣುತ್ತಿರಲಿಲ್ಲ.